ಮೂರು ನಿಮಿಷದ ಕಥೆಯಲ್ಲಿ ಅಣ್ಣ ಇರಲಿಲ್ಲ

ಸಲಹೆಗಾಗಿ ನನ್ನ ಬಳಿ ಬಂದ ಮಹಿಳೆಯೊಬ್ಬರ ಪ್ರಕರಣ ಇದು. ಬರೆಯಲು ಆಕೆಯ ಒಪ್ಪಿಗೆ ಇದೆ. ಗುರುತು ಹತ್ತುವ ವಿವರಗಳನ್ನೆಲ್ಲ ಬದಲಿಸಿ, ಬರಹವನ್ನು ಅವರಿಗೇ ಓದಲು ಕೊಟ್ಟಿದ್ದೆ. ಎರಡು ಕಡೆ ಕಾಗುಣಿತ ತಿದ್ದಿ ಹಿಂದಿರುಗಿಸಿದರು.

ಮೊದಲ ಭೇಟಿಯಲ್ಲಿ ಆಕೆ ಹೇಳಿದ್ದು ಒಂದು ಫೋನ್ ಕರೆಯ ವಿಷಯ. ಬಾಲ್ಯದ ಗೆಳತಿಯ ತಾಯಿ ತೀರಿಕೊಂಡಿದ್ದರು. ಸುದ್ದಿ ತಿಳಿದ ಕೂಡಲೇ ಆಕೆ ಫೋನ್ ಮಾಡಿದರು. ಪರೀಕ್ಷೆಯ ದಿನಗಳಲ್ಲಿ ಆ ತಾಯಿ ತಮ್ಮನ್ನು ಮನೆಯಲ್ಲೇ ಉಳಿಸಿಕೊಂಡು ಓದಿಸಿದ್ದನ್ನು ನೆನೆದು ಅತ್ತರು. ಆ ಕಡೆಯಿಂದ ಗೆಳತಿ ಹೂಂಗುಟ್ಟುತ್ತಿದ್ದಳು. ಹತ್ತು ನಿಮಿಷವಾದ ಮೇಲೆ ಕೇಳಿದಳು: “ಸರಿ, ಈಗ ಹೇಳು. ಯಾವ ಮೀಟಿಂಗಿಗೆ ಬರಬೇಕು?”

“ಅವಳು ಚುಚ್ಚಿ ಮಾತಾಡಲಿಲ್ಲ ಮೇಡಂ. ಚುಚ್ಚಿದ್ದರೆ ತಡೆದುಕೊಳ್ಳುತ್ತಿದ್ದೆ. ದಣಿದು ಕೇಳಿದಳು. ಹೇಗೂ ಬರುವ ಮಾತು, ಬೇಗ ಬಂದು ಹೋಗಲಿ ಎನ್ನುವ ಹಾಗೆ.”

ವಯಸ್ಸು ನಲವತ್ತರ ಹತ್ತಿರ. ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ, ಅಂದರೆ ಸರಕು ಮಾರುತ್ತ, ಹೊಸಬರನ್ನು ತಮ್ಮ ಕೆಳಗೆ ಸೇರಿಸುತ್ತ ಹೋಗುವ ವ್ಯಾಪಾರಕ್ಕೆ, ಸೇರಿ ನಾಲ್ಕು ವರ್ಷ. ಅದಕ್ಕೂ ಮುಂಚೆ ಹನ್ನೊಂದು ವರ್ಷ ಒಂದು ಪ್ರಕಾಶನ ಸಂಸ್ಥೆಯಲ್ಲಿ ಕರಡು ತಿದ್ದುವ ಕೆಲಸ. ಈಗ ಆಕೆಯ ಕೆಳಗಿನ ತಂಡದಲ್ಲಿ ನಲವತ್ತಕ್ಕೂ ಹೆಚ್ಚು ಜನ ಇದ್ದರು. ಈ ವ್ಯಾಪಾರದಲ್ಲಿರುವವರು ನನ್ನ ಬಳಿ ಬರುವುದು ಸಾಮಾನ್ಯವಾಗಿ ಸಾಲಕ್ಕಾಗಿ, ಇಲ್ಲವೇ ಮನೆಯ ಜಗಳಕ್ಕಾಗಿ. ಆಕೆಗೆ ಸಾಲ ಇರಲಿಲ್ಲ. ಕೆಲಸ ಬಿಡಲೇ ಬೇಡವೇ ಎಂದೂ ಕೇಳಲಿಲ್ಲ. ಕೇಳಿದ್ದು ಇಷ್ಟು: “ನಾನು ದುಃಖಪಟ್ಟರೂ ಅದು ಮಾರಾಟದ ಪೀಠಿಕೆಯಂತೆ ಕೇಳಿಸುತ್ತಿದೆ. ಬೇರೆಯವರಿಗೆ ಮಾತ್ರವಲ್ಲ, ನನಗೂ.”

ಆ ದಿನವೇ ನಾನೊಂದು ತಪ್ಪು ಮಾಡಿದೆ. ಎರಡು ವಾರ ಯಾವ ಸಭೆಗೂ ಹೋಗಬೇಡಿ, ತಂಡದ ವಾಟ್ಸ್‌ಆ್ಯಪ್ ಗುಂಪನ್ನು ತೆರೆಯಬೇಡಿ ಎಂದೆ. ಗದ್ದಲ ತಗ್ಗಿದರೆ ಸ್ವಂತ ದನಿ ಕೇಳಿಸೀತು ಎಂಬ ಲೆಕ್ಕ ನನ್ನದು. ಆಕೆ ಸಂಜೆಗಳನ್ನೆಲ್ಲ ಗೋಡೆ ನೋಡುತ್ತ ಕಳೆದರು, ಕದ್ದುಮುಚ್ಚಿ ಗುಂಪನ್ನು ತೆರೆದು ನೋಡಿದರು, ಕೊನೆಗೆ ನನ್ನ ಮೇಲೆ ಸಿಟ್ಟಾಗಿ ಬಂದರು. “ಅಲ್ಲಿಗೆ ಹೋದರೆ ನಾಲ್ಕು ಜನ ಹೆಸರು ಹಿಡಿದು ಕರೆಯುತ್ತಾರೆ. ನೀವು ಅದನ್ನೂ ಕಿತ್ತುಕೊಂಡಿರಿ.” ಆ ಸಿಟ್ಟು ನ್ಯಾಯವಾದದ್ದು. ಆ ಸಭೆಯಲ್ಲಿ ಆಕೆಗೆ ಸಿಗುತ್ತಿದ್ದದ್ದು ಏನು ಎಂದು ವಿಚಾರಿಸದೆಯೇ ಔಷಧ ಬರೆದಿದ್ದೆ. ಸಭೆಗೆ ಹೋಗಿ, ಆದರೆ ಹೋಗಿ ಬಂದ ರಾತ್ರಿ ಅಲ್ಲಿ ಯಾರ ಜೊತೆ ವ್ಯಾಪಾರವಲ್ಲದ ಮಾತು ಆಡಿದಿರಿ ಎಂದು ಬರೆದಿಡಿ ಎಂದು ಸಲಹೆ ಬದಲಿಸಿದೆ. ಮೂರು ಸಭೆಗಳಲ್ಲಿ ಅಂಥವರು ಇಬ್ಬರು ಸಿಕ್ಕಿದರು. ಆ ಇಬ್ಬರ ಒಡನಾಟ ಇಂದಿಗೂ ಇದೆ.

ಮೂರನೆಯ ಭೇಟಿಯಲ್ಲಿ ಆಕೆಯ ಕಥೆ ಹೇಳಿಸಿದೆ. ಈ ವಲಯದಲ್ಲಿ ‘ನಿಮ್ಮ ಸ್ಟೋರಿ’ ಎಂಬುದಕ್ಕೆ ನಿಗದಿಯಾದ ಅರ್ಥವಿದೆ. ಹೊಸಬರ ಮುಂದೆ ಮೂರು ನಿಮಿಷದಲ್ಲಿ ಹೇಳಬೇಕಾದ ಸ್ವಂತ ಅನುಭವ ಅದು: ಹಿಂದೆ ಎಂಥ ಕಷ್ಟದಲ್ಲಿದ್ದೆ, ಯಾವ ಗಳಿಗೆಯಲ್ಲಿ ಮನಸ್ಸು ಗಟ್ಟಿ ಮಾಡಿದೆ, ಈಗ ಹೇಗಿದ್ದೇನೆ. ಆಕೆ ಹೇಳತೊಡಗಿದರು. ತಂದೆ ಆಸ್ಪತ್ರೆಯಲ್ಲಿದ್ದದ್ದು, ಬಿಲ್ ಕಟ್ಟುವ ಕಿಟಕಿಯ ಮುಂದೆ ಬರಿಗೈಯಲ್ಲಿ ನಿಂತದ್ದು, ಆ ರಾತ್ರಿ ಇನ್ನೆಂದೂ ಹೀಗೆ ನಿಲ್ಲಲಾರೆ ಎಂದುಕೊಂಡದ್ದು. ಕಿಟಕಿಯ ಮಾತು ಬಂದಾಗ ಗಂಟಲು ಕಟ್ಟಿತು. ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದರು.

“ನೋಡಿದಿರಾ? ಇಲ್ಲೇ ಕಟ್ಟಬೇಕು. ಪ್ರತಿ ಸಲವೂ ಇಲ್ಲೇ ಕಟ್ಟುತ್ತದೆ.”

“ನಟಿಸುತ್ತೀರಾ?”

“ಇಲ್ಲ ಮೇಡಂ. ನಟಿಸಿದ್ದರೆ ನಿಮ್ಮ ಹತ್ತಿರ ಬರುತ್ತಿರಲಿಲ್ಲ. ನಿಜವಾಗಿಯೇ ಅಳು ಬರುತ್ತದೆ.”

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನದ ಪರಿಚಾರಕಿಯರನ್ನೂ ಸಾಲ ವಸೂಲಿ ಮಾಡುವವರನ್ನೂ ಅಧ್ಯಯನ ಮಾಡಿ 1983ರಲ್ಲಿ ಬರೆದದ್ದು ಇದೇ ತೊಡಕನ್ನು ಕುರಿತು. ಕೆಲಸಕ್ಕಾಗಿ ಭಾವವನ್ನು ದುಡಿಸುವುದರಲ್ಲಿ ಎರಡು ಬಗೆ ಎಂದರು ಅವರು. ಮುಖದ ಮೇಲೆ ಮಾತ್ರ ನಗು ತರುವುದು ಒಂದು. ಒಳಗಿನಿಂದ ಆ ಭಾವವನ್ನೇ ಬರಿಸಿಕೊಳ್ಳುವುದು ಇನ್ನೊಂದು. ಮುಖದ ನಗುವನ್ನು ಕೆಲಸ ಮುಗಿದ ಮೇಲೆ ಕಳಚಿಡಬಹುದು. ಒಳಗಿನದನ್ನೇ ಎಬ್ಬಿಸಿ ತಂದವರು ಮನೆಗೆ ಹೋದ ಮೇಲೆ ಏನನ್ನು ಕಳಚಬೇಕು? ಜನರೊಡನೆ ಕೆಲಸ ಮಾಡುವ ಯಾರಿಗೂ ಇದು ತಪ್ಪಿದ್ದಲ್ಲ, ನನಗೂ ತಪ್ಪಿಲ್ಲ. ಆದರೆ ಪರಿಚಾರಕಿ ತನ್ನ ತಂದೆಯ ಕಾಯಿಲೆಯನ್ನು ಪ್ರಯಾಣಿಕರ ಮುಂದೆ ಇಡಬೇಕಾಗಿಲ್ಲ. ಈ ವ್ಯಾಪಾರದಲ್ಲಿ ಸರಕಿನ ಜೊತೆಗೆ ಸ್ವಂತ ಬದುಕೂ ಮೇಜಿನ ಮೇಲೆ ಬರುತ್ತದೆ. ‘ನೀವು ನೀವಾಗಿಯೇ ಇರಿ’ ಎಂಬ ಮಾತನ್ನು ಆಕೆ ತರಬೇತಿಯಲ್ಲಿ ಎಷ್ಟು ಸಲ ಕೇಳಿದ್ದರೋ! ಹಾಗಾಗಿ ಆ ಸಲಹೆಯನ್ನು ನಾನೂ ಕೊಡುವುದರಲ್ಲಿ ಅರ್ಥವಿರಲಿಲ್ಲ.

ಬದಲಿಗೆ ಆಕೆಯ ಹಳೆಯ ಕಸುಬನ್ನು ಕೆಲಸಕ್ಕೆ ಹಚ್ಚಿದೆ. ವೇದಿಕೆಯಲ್ಲಿ ಹೇಳುವ ಕಥೆಯನ್ನು ಹೇಳುವ ಹಾಗೆಯೇ ಬರೆಯಿರಿ, ಆಮೇಲೆ ಬೇರೆಯವರ ಹಸ್ತಪ್ರತಿ ಎಂದುಕೊಂಡು ಕರಡು ತಿದ್ದಿ. ಭಾಷೆಯನ್ನಲ್ಲ, ಸಂಗತಿಗಳನ್ನು.

ಮುಂದಿನ ವಾರ ತಂದ ಎರಡು ಹಾಳೆಗಳಲ್ಲಿ ಕಪ್ಪಿಗಿಂತ ಕೆಂಪು ಶಾಯಿ ಹೆಚ್ಚಿತ್ತು. ‘ಬರಿಗೈಯಲ್ಲಿ ನಿಂತಿದ್ದೆ’ ಎಂಬಲ್ಲಿ ಅಂಚಿನ ಟಿಪ್ಪಣಿ: ನಿಂತದ್ದು ನಿಜ, ಆದರೆ ಬಿಲ್ ಆಗಲೇ ಪಾವತಿಯಾಗಿತ್ತು, ಅಣ್ಣ ಕಟ್ಟಿದ್ದ, ನಾನು ರಸೀದಿ ತೆಗೆದುಕೊಳ್ಳಲು ಹೋಗಿದ್ದೆ. ‘ಆ ರಾತ್ರಿ ನಿರ್ಧರಿಸಿದೆ’ ಎಂಬುದರ ಮೇಲೆ ಅಡ್ಡಗೆರೆ: ಸೇರಿದ್ದು ಎಂಟು ತಿಂಗಳ ನಂತರ. ಕೆಳಗೆ ಸಣ್ಣ ಅಕ್ಷರದಲ್ಲಿ ಮತ್ತೊಂದು ಸಾಲು: ‘ಸೇರಿದ ಕಾರಣ ಹಣವಲ್ಲ. ಕೆಲಸ ಬಿಟ್ಟ ಮೇಲೆ ಮಾತಾಡಿಸುವವರು ಇರಲಿಲ್ಲ. ಆ ಸಭೆಯಲ್ಲಿ ನನ್ನ ಪಕ್ಕ ಕುಳಿತವರು ಮಾತಾಡಿಸಿದರು.’

ಅಣ್ಣನನ್ನು ಕಥೆಯಿಂದ ತೆಗೆದದ್ದು ಯಾರು ಎಂದು ಕೇಳಿದೆ. ಯಾರೂ ತೆಗೆಯಿರಿ ಎಂದಿರಲಿಲ್ಲ. ಆಕೆಯ ಅಪ್‌ಲೈನ್, ಅಂದರೆ ಆಕೆಯನ್ನು ಸೇರಿಸಿದ ಮಹಿಳೆ (ಆಕೆ ಅವರನ್ನು ‘ಅಕ್ಕ’ ಎನ್ನುತ್ತಿದ್ದರು), ಕಥೆ ಉದ್ದವಾಯಿತು, ಕಷ್ಟ ಬೇಗ ಬರಲಿ ಎಂದಿದ್ದರು ಅಷ್ಟೇ. ಉದ್ದ ಇಳಿಸುವಾಗ ಅಣ್ಣ ಬಿದ್ದುಹೋದ. ಆ ಭಾಷಣದ ವಿಡಿಯೊ ಸುತ್ತಿ ಸುತ್ತಿ ಒಂದು ದಿನ ಅಣ್ಣನ ಮೊಬೈಲಿಗೂ ಬಂತು. ಅವರು ಏನೂ ಅನ್ನಲಿಲ್ಲ, ಫೋನ್ ಮಾಡುವುದನ್ನು ನಿಲ್ಲಿಸಿದರು. ಗೆಳತಿಯ ಮಾತಿಗಿಂತ ಒಂದೂವರೆ ವರ್ಷ ಹಿಂದಿನ ಸಂಗತಿ ಇದು. ಮೂರು ಭೇಟಿಗಳಲ್ಲಿ ಒಮ್ಮೆಯೂ ಆಕೆ ಇದನ್ನು ಎತ್ತಿರಲಿಲ್ಲ.

ನಾನು ಕೊಟ್ಟ ಸಲಹೆ ಚಿಕ್ಕದು. ತಂದೆಯ ಕಥೆಯನ್ನು ಇನ್ನು ಯಾವ ಸಭೆಯಲ್ಲೂ ಹೇಳಬೇಡಿ. ತಿದ್ದಿದ ಆವೃತ್ತಿಯನ್ನೂ ಹೇಳಬೇಡಿ. ನಿಜವಾದದ್ದು ಇನ್ನೂ ಚೆನ್ನಾಗಿ ಮಾರಾಟವಾಗುತ್ತದೆ, ಅದೇ ಅಪಾಯ.

ಹಾಗೆಂದು ಅಕ್ಕನಿಗೆ ಹೇಳುವುದು ಹೇಗೆ? ಇದಕ್ಕೆ ಒಂದು ಭೇಟಿ ಪೂರ್ತಿ ಹೋಯಿತು. ಆಕೆ ಕಾರಣಗಳನ್ನು ಸಿದ್ಧಮಾಡಿಕೊಂಡು ಬಂದಿದ್ದರು: ಮನೆಯಲ್ಲಿ ಬೇಸರವಾಗಿದೆ, ಮನಸ್ಸು ಭಾರವಾಗುತ್ತದೆ. ನಾನು ಅಕ್ಕನ ಪಾತ್ರ ವಹಿಸಿದೆ. ಪ್ರತಿಯೊಂದು ಕಾರಣಕ್ಕೂ ಉತ್ತರ ಆಕೆಗೇ ಗೊತ್ತಿತ್ತು, ಏಕೆಂದರೆ ತಂಡದವರಿಗೆ ಆ ಉತ್ತರಗಳನ್ನು ಕಲಿಸಿದವರು ಆಕೆಯೇ. ಗಿರಾಕಿಯ ‘ಬೇಡ’ಕ್ಕೆ ಕಾರಣ ಕೇಳು, ಕಾರಣ ಸಿಕ್ಕರೆ ಅದನ್ನು ಬಿಡಿಸು. ತರಬೇತಿಯ ಅರ್ಧ ಭಾಗ ಅದೇ. ಹಾಗಾಗಿ ಕಾರಣವನ್ನೇ ಕೊಡಬೇಡಿ ಎಂದೆ. “ಆ ಕಥೆಯನ್ನು ನಾನು ಇನ್ನು ಹೇಳುವುದಿಲ್ಲ. ಉತ್ಪನ್ನದ ವಿಷಯ ಹೇಳಿಸಿ, ಎಷ್ಟು ಹೊತ್ತು ಬೇಕಾದರೂ ಹೇಳುತ್ತೇನೆ.” ಇಷ್ಟೇ. ಏಕೆ ಎಂದರೆ ಮತ್ತೆ ಇದೇ ವಾಕ್ಯ. ಏಳು ಸಲ ಅಭ್ಯಾಸ ಮಾಡಿದೆವು. ಐದನೆಯ ಸಲ ಆಕೆಗೆ ನಗು ಬಂತು, ಆಮೇಲೆ ದನಿ ಗಟ್ಟಿಯಾಯಿತು.

ಪದಗಳ ವಿಷಯದಲ್ಲೂ ಒಂದಿಷ್ಟು ಕೆಲಸ ನಡೆಯಿತು. ಮನೋವೈದ್ಯ ರಾಬರ್ಟ್ ಲಿಫ್ಟನ್ 1961ರಲ್ಲಿ, ಇದಕ್ಕಿಂತ ಎಷ್ಟೋ ಕ್ರೂರವಾದ ಸಂದರ್ಭಗಳನ್ನು ಕುರಿತು, ವಿಚಾರವನ್ನು ಅಲ್ಲಿಗೇ ಮುಗಿಸಿಬಿಡುವ ಸಿದ್ಧವಾಕ್ಯಗಳ ಬಗ್ಗೆ ಬರೆದರು. ಹೋಲಿಕೆಯನ್ನು ಎಳೆದಾಡುವುದು ಬೇಡ. ಆದರೂ ಗೆಳತಿ ದೂರ ಸರಿದಾಗ ಆಕೆಯ ಬಾಯಲ್ಲಿ ಮೊದಲು ಬಂದದ್ದು ‘ಅವಳು ಸ್ವಲ್ಪ ನೆಗೆಟಿವ್’ ಎಂಬ ಮಾತು. ಅಣ್ಣನ ಬಗ್ಗೆಯೂ ಅದೇ. ಬಿಟ್ಟುಹೋದವರೆಲ್ಲ ‘ಮೈಂಡ್‌ಸೆಟ್ ಇಲ್ಲದವರು’. ಕರಡು ತಿದ್ದುವವರ ಮುಂದೆ ಇಂಥ ಪದ ಇಟ್ಟರೆ ಸಾಕು: ಈ ಪದ ತೆಗೆದು, ಆ ವ್ಯಕ್ತಿ ಏನು ಮಾಡಿದಳು ಎಂದು ಬರೆಯಿರಿ. ‘ನೆಗೆಟಿವ್’ ಹೋಗಿ ಅಲ್ಲಿ ‘ನಾಲ್ಕು ಸಲ ಬೇಡ ಎಂದಳು, ಐದನೆಯ ಸಲವೂ ಕೇಳಿದೆ’ ಎಂದು ಬಂತು.

ಇನ್ನು ಪಟ್ಟಿ. ಸೇರಿದ ಮೊದಲ ವಾರವೇ ಗೊತ್ತಿರುವ ನೂರು ಜನರ ಹೆಸರು ಬರೆಯಿಸುತ್ತಾರೆ. ಆ ನೋಟ್‌ಬುಕ್ ತನ್ನಿ ಎಂದೆ. ಮದುವೆಯಾಗಿ ದೂರ ಹೋದ ಸೋದರತ್ತೆಯ ಮಗಳಿಂದ ಹಿಡಿದು ಮಗನಿಗೆ ಪಾಠ ಹೇಳಿದವರವರೆಗೆ ಎಲ್ಲರೂ ಅದರಲ್ಲಿದ್ದರು. ಪ್ರತಿ ಹೆಸರಿನ ಮುಂದೆ ಕರೆ ಮಾಡಿದ ದಿನ, ಮುಂದಿನ ಕರೆಯ ದಿನ. ಮಾರ್ಗರೆಟ್ ಕ್ಲಾರ್ಕ್ ಮತ್ತು ಜಡ್ಸನ್ ಮಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ತೋರಿಸಿದ ಒಂದು ಅಂಶ ಇಲ್ಲಿ ಉಪಯೋಗಕ್ಕೆ ಬಂತು. ಕೊಟ್ಟದ್ದಕ್ಕೆ ತಿರುಗಿ ಕೊಡುವ ವ್ಯವಹಾರದ ಸಂಬಂಧದಲ್ಲಿ ಲೆಕ್ಕ ತೀರಿಸಿದರೆ ಪ್ರೀತಿ ಹೆಚ್ಚುತ್ತದೆ. ಅಗತ್ಯ ನೋಡಿ ಕೊಡುವ ಆಪ್ತ ಸಂಬಂಧದಲ್ಲಿ ಅದೇ ಲೆಕ್ಕ ಪ್ರೀತಿಯನ್ನು ತಗ್ಗಿಸುತ್ತದೆ. ಗೆಳತಿಗೆ ಆಕೆ ಯಾವ ಸಂಬಂಧದಿಂದ ಕರೆ ಮಾಡಿದ್ದಾರೆ ಎಂಬುದೇ ತಿಳಿಯದಾಗಿತ್ತು. ತಿಳಿಯದಿದ್ದಾಗ ಜನ ಕೆಟ್ಟದ್ದನ್ನೇ ಊಹಿಸುತ್ತಾರೆ, ಅದು ಅವರ ತಪ್ಪಲ್ಲ.

ಹದಿನಾಲ್ಕು ಹೆಸರುಗಳನ್ನು ಆಕೆಯೇ ಹೊಡೆದು ಹಾಕಿದರು. ಸುಮ್ಮನೆ ಹೊಡೆದರೆ ಅವರಿಗೆ ಗೊತ್ತಾಗುವುದಿಲ್ಲ, ಹೇಳಬೇಕು ಎಂದೆ: “ನಿನಗೆ ನಾನು ಇನ್ನು ಏನನ್ನೂ ಮಾರುವುದಿಲ್ಲ, ಯಾವುದಕ್ಕೂ ಕರೆಯುವುದಿಲ್ಲ.” ಒಂದೇ ಸಲ, ವಿವರಣೆಯಿಲ್ಲದೆ. ಉಳಿದವರಿಗೆ ಇನ್ನೊಂದು ನಿಯಮ: ವ್ಯಾಪಾರದ ಕರೆಯಾದರೆ ಮೊದಲ ವಾಕ್ಯದಲ್ಲೇ ಹಾಗೆಂದು ಹೇಳಿ. ಕುಶಲ ವಿಚಾರಿಸಿ ನಡುವೆ ಸರಕು ನುಸುಳಿಸಬೇಡಿ. ವ್ಯಾಪಾರಕ್ಕೆ ಬೇರೆ ನಂಬರ್ ಇಟ್ಟುಕೊಳ್ಳಿ ಎಂದದ್ದನ್ನೂ ಮಾಡಿದರು.

ಲೆಕ್ಕ ನೋಡದೆ ವ್ಯಕ್ತಿತ್ವದ ಮಾತಾಡುವುದು ಈ ವಿಷಯದಲ್ಲಿ ಅಪ್ರಾಮಾಣಿಕತೆ. ಹಿಂದಿನ ಹನ್ನೆರಡು ತಿಂಗಳ ಲೆಕ್ಕ ಬರೆಸಿದೆ: ಹೊರಗಿನ ಗಿರಾಕಿಗಳಿಂದ ಬಂದದ್ದು, ತಂಡದಿಂದ ಬಂದದ್ದು, ದರ್ಜೆ ಉಳಿಸಿಕೊಳ್ಳಲು ತಾವೇ ಕೊಂಡದ್ದು, ಸಭೆ, ಪ್ರಯಾಣ. ಅಚ್ಚರಿಯೆಂದರೆ ಸದಸ್ಯರಲ್ಲದ ಇಪ್ಪತ್ತಾರು ಜನ ಆಕೆಯಿಂದ ನಿಯಮಿತವಾಗಿ ಕೊಳ್ಳುತ್ತಿದ್ದರು. ಉಳಿಯುತ್ತಿದ್ದ ಲಾಭವೆಲ್ಲ ಅಲ್ಲಿಂದಲೇ. ತಂಡ ಕಟ್ಟಿ ಬಂದದ್ದು ತಂಡಕ್ಕಾಗಿಯೇ ಹೋಗುತ್ತಿತ್ತು. ಆ ಇಪ್ಪತ್ತಾರು ಜನರ ಮುಂದೆ ಆಕೆಯ ಕಥೆಯ ಅಗತ್ಯ ಎಂದೂ ಬಿದ್ದಿರಲಿಲ್ಲ. ಈ ಲೆಕ್ಕ ಬೇರೆ ರೀತಿ ಬಂದಿದ್ದರೆ ನನ್ನ ಸಲಹೆಯೂ ಬೇರೆಯಾಗಿರುತ್ತಿತ್ತು. ಸೇರಿಸುವುದರಿಂದಲೇ ಆದಾಯ, ಸರಕು ನೆಪಮಾತ್ರ ಎಂದಾದರೆ ಅಲ್ಲಿ ತನ್ನತನ ಉಳಿಸಿಕೊಳ್ಳುವ ಉಪಾಯ ನನ್ನ ಬಳಿ ಇಲ್ಲ, ಹೊರಬರುವ ದಾರಿ ಮಾತ್ರ ಇದೆ.

‘ಡೂಪ್ಲಿಕೇಶನ್’ ಎಂಬುದು ಆ ವಲಯದಲ್ಲಿ ಗುಟ್ಟಿನ ಮಾತಲ್ಲ. ನಿಮ್ಮದೇ ದಾರಿ ಹುಡುಕಬೇಡಿ, ಮೇಲಿನವರು ಮಾಡಿದ್ದನ್ನು ಹಾಗೆಯೇ ಮಾಡಿ, ಕೆಳಗಿನವರಿಗೂ ಅದನ್ನೇ ಕಲಿಸಿ ಎಂದು ವೇದಿಕೆಯಿಂದಲೇ ಹೇಳುತ್ತಾರೆ. ವ್ಯವಹಾರದ ದೃಷ್ಟಿಯಿಂದ ಸರಿಯೇ. ಒಬ್ಬರ ಜಾಣ್ಮೆ ಹತ್ತು ಹಂತ ಕೆಳಕ್ಕೆ ಇಳಿಯುವುದಿಲ್ಲ, ಚೀಟಿಯಲ್ಲಿ ಬರೆದ ಮಾತು ಇಳಿಯುತ್ತದೆ. ಆಕೆಯ ದನಿ ಸವೆದದ್ದು ಆಕೆಯ ದೌರ್ಬಲ್ಯದಿಂದ ಅಲ್ಲ, ಏರ್ಪಾಟಿಗೆ ಬೇಕಾದದ್ದು ಆ ಚೀಟಿಯೇ. ಇದನ್ನು ಹೇಳುತ್ತಿದ್ದಾಗ ಆಕೆ ಹಾಳೆಯ ಹಿಂದೆ ಗುಣಾಕಾರ ಮಾಡುತ್ತಿದ್ದರು. ಒಬ್ಬರು ಆರು ಜನರನ್ನು ತಂದು, ಆ ಆರು ಜನ ತಲಾ ಆರು ಜನರನ್ನು ತರುತ್ತ ಹೋದರೆ ಹದಿಮೂರನೆಯ ಹಂತಕ್ಕೇ 1,306 ಕೋಟಿ ಜನ ಬೇಕು. ಭೂಮಿಯ ಮೇಲಿರುವವರು 800 ಕೋಟಿಗೆ ಸ್ವಲ್ಪ ಹೆಚ್ಚು. “ನಾಲ್ಕು ವರ್ಷ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ ಮೇಡಂ. ಮೂರನೆಯ ಹಂತಕ್ಕೇ ನಿಲ್ಲಿಸುತ್ತಿದ್ದೆ.”

ಹೊಸಬರನ್ನು ಸೇರಿಸುವುದನ್ನು ಆಕೆ ನಿಲ್ಲಿಸಿದರು. ಅದು ಆಕೆಯ ತೀರ್ಮಾನ. ದರ್ಜೆ ಇಳಿಯಿತು. ಅಕ್ಕ ಸಭೆಯಲ್ಲಿ ಮಾತಾಡಿಸುವುದನ್ನು ಬಿಟ್ಟರು. ಅದು ಆಕೆಯನ್ನು ನಾನೆಣಿಸಿದ್ದಕ್ಕಿಂತ ಹೆಚ್ಚು ನೋಯಿಸಿತು, ಎರಡು ಭೇಟಿ ಅದಕ್ಕೇ ಮೀಸಲಾಯಿತು. ಪ್ರಕಾಶನದವರಿಂದ ತಿಂಗಳಿಗೊಂದೆರಡು ಪುಸ್ತಕದ ಕರಡು ಮನೆಗೆ ಬರತೊಡಗಿದೆ. ಗಿರಾಕಿಗಳ ಮುಂದೆ ಹೇಳುವ ಹೊಸ ಪರಿಚಯವನ್ನು ಆಕೆ ನನಗೆ ಓದಿ ತೋರಿಸಿದರು. ಮೂರು ವಾಕ್ಯ, ಒಂದರಲ್ಲೂ ಕಣ್ಣೀರಿಲ್ಲ. “ಇದನ್ನು ಕೇಳಿ ಯಾರೂ ಸೇರುವುದಿಲ್ಲ ಮೇಡಂ” ಎಂದರು, ಖುಷಿಯಿಂದಲೇ.

ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಆಕೆಯ ಮಾತಿಗೆ ಏನಾದರೊಂದು ಉತ್ತರ ಕೊಟ್ಟರು. ಗೆಳತಿ “ನೋಡೋಣ” ಎಂದಿದ್ದಾಳೆ.

ಅಣ್ಣನಿಗೆ ಕ್ಷಮೆ ಕೇಳಿ ಪತ್ರ ಬರೆಯಿರಿ ಎಂದಿದ್ದೆ. ಆಕೆ ಬರೆಯಲಿಲ್ಲ, ಕೆಂಪು ಶಾಯಿಯ ಆ ಎರಡು ಹಾಳೆಗಳನ್ನೇ ಲಕೋಟೆಯಲ್ಲಿ ಹಾಕಿ ಕಳಿಸಿದರು. ಮೂರು ವಾರ ಏನೂ ಬರಲಿಲ್ಲ. ಕೊನೆಯ ಭೇಟಿಗೆ ಬಂದಾಗ ಆ ಹಾಳೆಗಳು ಆಕೆಯ ಕೈಯಲ್ಲಿದ್ದವು. ‘ಬಿಲ್ ಅಣ್ಣ ಕಟ್ಟಿದ್ದ’ ಎಂಬಲ್ಲಿ ನೀಲಿ ಪೆನ್ನಿನಿಂದ, ಬೇರೆ ಕೈಬರಹದಲ್ಲಿ ಒಂದು ತಿದ್ದುಪಡಿ: ‘ಅರ್ಧ ಮಾತ್ರ ನನ್ನದು. ಇನ್ನರ್ಧ ಸಾಲ ತಂದಿದ್ದೆ. ನಿನಗೆ ಹೇಳಿರಲಿಲ್ಲ.’