ಕಣ ದೊಡ್ಡದಾದರೂ ರಕ್ತ ಕಡಿಮೆ ಏಕೆ?

ಮಾನ್ಯರೇ,

ಕಳೆದ ಸಂಚಿಕೆಯ ಆರೋಗ್ಯ ಪುಟದಲ್ಲಿ ನಾವು ಅಚ್ಚು ಹಾಕಿದ್ದ ‘ಕೆಂಪು ರಕ್ತಕಣಗಳು ದಿನವೂ ಒಡೆದು ಎರಡಾಗುತ್ತವೆ’ ಎಂಬ ವಾಕ್ಯವನ್ನು ಹಿಡಿದು ತಾವು ಬ್ರಹ್ಮಾವರದಿಂದ ಪತ್ರ ಬರೆದಿದ್ದೀರಿ. ಕೋಶಕೇಂದ್ರವೇ ಇಲ್ಲದ ಕಣ ಒಡೆಯುವುದು ಹೇಗೆ ಎಂಬುದು ತಮ್ಮ ಮೊದಲ ಪ್ರಶ್ನೆ. ತಮ್ಮ ತಾಯಿಯವರ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8 ಗ್ರಾಂಗೆ ಇಳಿದಿದ್ದರೂ ಕಣದ ಗಾತ್ರವನ್ನು ತಿಳಿಸುವ ಎಂಸಿವಿ 112ಕ್ಕೆ ಏರಿರುವುದೇಕೆ, ವೈದ್ಯರು ಬರೆದಿರುವ ಬಿ12 ಚುಚ್ಚುಮದ್ದಿನ ಬದಲು ಹಿತ್ತಲಿನ ಹರಿವೆ, ಬಸಳೆಗಳನ್ನೇ ಹೆಚ್ಚಾಗಿ ಬಡಿಸಿದರೆ ಸಾಲದೇ ಎಂಬುದು ಎರಡನೆಯದು.

ಮೊದಲನೆಯದರಲ್ಲಿ ತಪ್ಪು ನಮ್ಮದೇ. ಆ ಪುಟದ ಕರಡು ನೋಡಿದವನೂ ನಾನೇ. ರಕ್ತದಲ್ಲಿ ಹರಿಯುವ ಕೆಂಪು ಕಣ ಎಂದೂ ಒಡೆದು ಎರಡಾಗುವುದಿಲ್ಲ. ಒಡೆಯುವುದು ಅಸ್ಥಿಮಜ್ಜೆಯಲ್ಲಿರುವ ಅದರ ಪೂರ್ವಜ ಕೋಶಗಳು. ಕಣವೊಂದರ ಆಯುಸ್ಸು ಸುಮಾರು 120 ದಿನವಾದ್ದರಿಂದ, ಸವೆದುಹೋದುದನ್ನು ತುಂಬಲು ಮಜ್ಜೆಯು ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳನ್ನು ಹೊರಗೆ ಬಿಡಬೇಕಾಗುತ್ತದೆ. ಇಷ್ಟು ವೇಗದ ಕೆಲಸದ ಮೂಲದಲ್ಲಿರುವ ಆಕರಕೋಶಗಳು (ಸ್ಟೆಮ್ ಸೆಲ್) ಮಾತ್ರ ಬಹುಪಾಲು ಕಾಲ ಒಡೆಯದೆ ಸುಮ್ಮನೆ ಇರುತ್ತವೆ. ನಮ್ಮ ಕಡೆಯ ಹಿರಿಯರು ಬಿತ್ತನೆಯ ಭತ್ತವನ್ನು ಊಟದ ಭತ್ತದೊಂದಿಗೆ ಬೆರೆಸದೆ ಬೇರೆಯಾಗಿ ಕಾಪಾಡುತ್ತಿದ್ದಂತೆಯೇ ಇದು. ಒಡೆದಷ್ಟೂ ಡಿಎನ್‌ಎ ನಕಲಿನಲ್ಲಿ ತಪ್ಪು ನುಸುಳುವ ಸಂಭವ ಹೆಚ್ಚುವುದರಿಂದ ಮೂಲವನ್ನು ಆದಷ್ಟು ಮುಟ್ಟದೆ ಇಡುವುದೇ ಲೇಸು. ಸಂಖ್ಯೆಯನ್ನು ಬೆಳೆಸುವ ಹೊಣೆ ಅವುಗಳಿಂದ ಕವಲೊಡೆದ ನಡುವಿನ ಪೀಳಿಗೆಗಳದು.

ಆ ನಡುವಿನ ಕೋಶಗಳ ಮೇಲಿನ ಹತೋಟಿಯ ರೀತಿಯೇ ಬೇರೆ. ಆಮ್ಲಜನಕ ಕಡಿಮೆಯಾದಾಗ ಮೂತ್ರಪಿಂಡವು ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಇದು ಕೋಶಗಳನ್ನು ಬೇಗ ಬೇಗ ಒಡೆಯುವಂತೆ ಮಾಡುತ್ತದೆ ಎಂದೇ ಹಲವರು ಭಾವಿಸಿದ್ದಾರೆ, ಆದರೆ ಅದರ ಮುಖ್ಯ ಕೆಲಸ ಸಾಯಲಿರುವ ಕೋಶಗಳನ್ನು ಉಳಿಸುವುದು. ಮಜ್ಜೆಯು ಪೂರ್ವಜ ಕೋಶಗಳನ್ನು ಯಾವಾಗಲೂ ಬೇಕಾದುದಕ್ಕಿಂತ ಹೆಚ್ಚಾಗಿಯೇ ಹುಟ್ಟಿಸುತ್ತಿರುತ್ತದೆ. ಹಾರ್ಮೋನಿನ ಸೂಚನೆ ತಲುಪದವು ತಾವಾಗಿ ಸಾಯುತ್ತವೆ, ತಲುಪಿದವು ಮುಂದುವರಿಯುತ್ತವೆ. ಮೂತ್ರಪಿಂಡ ಕೆಟ್ಟವರಲ್ಲಿ ರಕ್ತಹೀನತೆ ಕಾಣುವುದಕ್ಕೆ ಮುಖ್ಯ ಕಾರಣವೂ ಈ ಹಾರ್ಮೋನಿನ ಕೊರತೆಯೇ. 2005ರಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯ ಕಾರಣವೂ ಬೆಳಕಿಗೆ ಬಂತು: ಜೆಎಕೆ2 ಎಂಬ ಜೀನಿನ ಒಂದೇ ಒಂದು ಬದಲಾವಣೆಯಿಂದ, ಹಾರ್ಮೋನು ಬಾರದಿದ್ದರೂ ಬಂದಂತೆಯೇ ಕೋಶಗಳು ವರ್ತಿಸಿ, ಕೆಂಪು ಕಣಗಳು ಮಿತಿಮೀರಿ ಹೆಚ್ಚಿ ರಕ್ತವು ಮಂದವಾಗುತ್ತದೆ.

ಇನ್ನು ತಮ್ಮ ತಾಯಿಯವರ ವಿಷಯ. ಹೀಗೆ ಉಳಿದ ಕೋಶವು ಸಾಮಾನ್ಯವಾಗಿ ನಾಲ್ಕು ಬಾರಿ ಒಡೆಯುತ್ತದೆ. ಪ್ರತಿ ಸಲ ಪೂರ್ತಿ ಬೆಳೆಯಲು ಬಿಡುವಿಲ್ಲದೆ ಒಡೆಯುವುದರಿಂದ ಮರಿಕೋಶಗಳು ಚಿಕ್ಕದಾಗುತ್ತ ಹೋಗುತ್ತವೆ, ಒಳಗೆ ಹಿಮೋಗ್ಲೋಬಿನ್ ತುಂಬುತ್ತ ಹೋಗುತ್ತದೆ, ಕೊನೆಗೆ ಕೋಶಕೇಂದ್ರವನ್ನೇ ಹೊರದಬ್ಬಿ ಕಣ ಸಿದ್ಧವಾಗುತ್ತದೆ. ಒಡೆಯುವುದು ಮತ್ತು ತುಂಬುವುದು ಎರಡು ಬೇರೆ ಕೆಲಸಗಳು. ಅವೆರಡೂ ಸರಿಯಾಗಿ ಹೊಂದಿಕೊಂಡಾಗ ಮಾತ್ರ ಕಣದ ಗಾತ್ರ, ಅಂದರೆ ಎಂಸಿವಿ, 80ರಿಂದ 100 ಫೆಮ್ಟೋಲೀಟರಿನ (ಲೀಟರಿನ ಅತಿ ಸೂಕ್ಷ್ಮ ಅಂಶ) ನಡುವೆ ನಿಲ್ಲುತ್ತದೆ. ಬಿ12 ಅಥವಾ ಬಿ ಗುಂಪಿನದೇ ಇನ್ನೊಂದು ಜೀವಸತ್ವವಾದ ಫೋಲೇಟ್ ಇಲ್ಲವಾದರೆ ಡಿಎನ್‌ಎಯ ನಕಲು ಮಾಡಲು ಬೇಕಾದ ಸಾಮಗ್ರಿ ಸಾಲದೆ ವಿಭಜನೆ ನಡುವೆಯೇ ತಡೆದು ನಿಲ್ಲುತ್ತದೆ, ಆದರೆ ಕೋಶ ಬೆಳೆಯುವುದು, ಹಿಮೋಗ್ಲೋಬಿನ್ ತುಂಬುವುದು ನಿಲ್ಲುವುದಿಲ್ಲ. ಹೀಗೆ ದೊಡ್ಡದಾದ ಕೋಶಗಳಲ್ಲಿ ಬಹಳಷ್ಟು ಮಜ್ಜೆಯಲ್ಲೇ ಸಾಯುತ್ತವೆ, ಹೊರಬಂದವು ಕೆಲವೇ ಆದರೂ ದಪ್ಪವಾಗಿರುತ್ತವೆ. ಕಬ್ಬಿಣದ ಕೊರತೆಯಲ್ಲಿ ತುಂಬುವ ಕೆಲಸವೇ ಹಿಂದೆ ಬೀಳುವುದರಿಂದ ಕಣಗಳು ಸಣ್ಣದಾಗುತ್ತವೆ. ಎರಡೂ ರಕ್ತಹೀನತೆಯೇ ಆದರೂ ವರದಿಯ ಆ ಒಂದು ಸಂಖ್ಯೆಯಿಂದ ವೈದ್ಯರು ಯಾವ ಕಡೆ ಹುಡುಕಬೇಕೆಂದು ತಿಳಿಯುತ್ತಾರೆ. ಹಿಮೋಗ್ಲೋಬಿನ್ ಒಂದನ್ನೇ ನೋಡಿ ಕಬ್ಬಿಣದ ಮಾತ್ರೆ ನುಂಗುವ ನಮ್ಮ ಅಭ್ಯಾಸ ನನಗೆ ಸರಿಕಾಣುವುದಿಲ್ಲ.

ಈ ದೊಡ್ಡ ಕಣಗಳ ರಹಸ್ಯದ ಒಂದು ಭಾಗ ಬಿಡಿಸಿಕೊಂಡದ್ದು ಮುಂಬಯಿಯಲ್ಲಿ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಅಲ್ಲಿಗೆ ಬಂದು ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿ, ಯೀಸ್ಟಿನ ಸಾರದಿಂದ ಅದು ವಾಸಿಯಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದುದು ಫೋಲೇಟ್ ಎಂದು ಆಮೇಲೆ ತಿಳಿಯಿತು. ಬಿ12 ಬೇರ್ಪಟ್ಟದ್ದು 1948ರಲ್ಲಿ.

ಹರಿವೆ, ಬಸಳೆಗಳಲ್ಲಿ ಫೋಲೇಟ್ ಇದೆ, ಧಾರಾಳವಾಗಿ ಬಡಿಸಿ. ಆದರೆ ಅವುಗಳಲ್ಲಿ ಬಿ12 ಇಲ್ಲ. ಅದು ಬೂತಾಯಿ, ಬಂಗುಡೆಗಳಲ್ಲಿ ಹೇರಳ, ಹಾಲು, ಮೊಸರಿನಲ್ಲಿ ಸ್ವಲ್ಪ. ತಮ್ಮ ಮನೆಯಲ್ಲಿ ಮೀನು ಇಲ್ಲವೆಂದು ಬರೆದಿದ್ದೀರಿ. ವಯಸ್ಸಾದವರ ಜಠರವು ತಿಂದುದರಿಂದಲೂ ಬಿ12ನ್ನು ಸರಿಯಾಗಿ ಪಡೆಯಲಾರದೆ ಹೋಗಬಹುದು. ಬಿ12 ಕೊರತೆಯಲ್ಲಿ ಫೋಲಿಕ್ ಆಮ್ಲವನ್ನಷ್ಟೇ (ಫೋಲೇಟಿನ ಮಾತ್ರೆಯ ರೂಪ) ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಒಳಗೊಳಗೆ ಮುಂದುವರಿಯುತ್ತದೆ. ಆದ್ದರಿಂದ ಚುಚ್ಚುಮದ್ದನ್ನು ದಯವಿಟ್ಟು ನಿಲ್ಲಿಸಬೇಡಿ. ಒಂದು ವಾರದೊಳಗೆ ಎಳೆಯ ಕಣಗಳು ರಕ್ತದಲ್ಲಿ ಹೆಚ್ಚುತ್ತವೆ, ಆದರೆ ಈಗಾಗಲೇ ಹೊರಬಂದಿರುವ ದೊಡ್ಡ ಕಣಗಳು ತಮ್ಮ ಆಯುಸ್ಸು ಮುಗಿಯುವವರೆಗೆ ಅಲ್ಲಿಯೇ ಇರುವುದರಿಂದ, ಮುಂದಿನ ತಿಂಗಳ ವರದಿಯಲ್ಲಿ ಎಂಸಿವಿ ಇನ್ನೂ 100ರ ಮೇಲಿದ್ದರೆ ಔಷಧಿ ತಾಗಲಿಲ್ಲವೆಂದು ಎಣಿಸುವ ಅಗತ್ಯವಿಲ್ಲ.

— ಸಂಪಾದಕ