ಎನಿಮಾ ಇಲ್ಲದೆ ಆಗುವುದೇ ಇಲ್ಲ, ಕರುಳು ತೊಳೆಸಲೇ?

ಪ್ರಶ್ನೆ: ನನಗೆ 57 ವರ್ಷ. ಬಹಳ ವರ್ಷಗಳಿಂದ ಮಲಬದ್ಧತೆ. ಕಳೆದ ಬೇಸಿಗೆಯಲ್ಲಿ ಪ್ರಕೃತಿ ಚಿಕಿತ್ಸೆಗೆ ಹೋಗಿದ್ದಾಗ ದಿನಾ ಎನಿಮಾ ಕೊಟ್ಟರು, ಹೊಟ್ಟೆ ಹಗುರವಾಯಿತು. ಡಬ್ಬಿ ಕೊಂಡು ತಂದು ಮನೆಯಲ್ಲೂ ಮುಂದುವರಿಸಿದೆ. ಈಗ ಅದಿಲ್ಲದೆ ಆಗುವುದೇ ಇಲ್ಲ. ಯಂತ್ರದಿಂದ ಇಡೀ ಕರುಳು ತೊಳೆಸಿದರೆ ಹಳೆಯ ಕೊಳೆಯೆಲ್ಲ ಹೋಗುತ್ತದಂತೆ. ತೊಳೆಸಲೇ? ರಕ್ತ ಕಡಿಮೆ ಇದೆಯೆಂದು ಕಬ್ಬಿಣದ ಮಾತ್ರೆ, ಮಂಡಿನೋವಿಗೆ ಕ್ಯಾಲ್ಸಿಯಂ ನುಂಗುತ್ತಿದ್ದೇನೆ.
– ಓದುಗರು, ತಿಪಟೂರು

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎನಿಮಾಗಿಂತ ನನಗೆ ಚಿಂತೆ ಹಚ್ಚಿದ್ದು ಕೊನೆಯ ಸಾಲು. ಮುಟ್ಟು ನಿಂತ ವಯಸ್ಸಿನಲ್ಲಿ ರಕ್ತ ಕಡಿಮೆಯಾದರೆ ಅದು ಎಲ್ಲಿ ಸೋರುತ್ತಿದೆ ಎಂದು ಹುಡುಕಲೇಬೇಕು. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದರಿಂದ ರಕ್ತ ಹೋಗುತ್ತಿದ್ದರೂ ಕಣ್ಣಿಗೆ ಬೀಳದೆ ಇರಬಹುದು. ಕರುಳಿನಲ್ಲಿ ಹುಣ್ಣು, ಗಡ್ಡೆ ಇಲ್ಲವೆಂದು ಖಚಿತವಾಗುವ ತನಕ ಡಬ್ಬಿಯೂ ಬೇಡ, ಯಂತ್ರವೂ ಬೇಡ. ಈ ವಾರವೇ ವೈದ್ಯರ ಹತ್ತಿರ ಹೋಗಿ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತಿಳಿಸುವ ಪರೀಕ್ಷೆ), ಥೈರಾಯ್ಡ್ ನೋಡಿಸಿ. ಗುದದ್ವಾರದ ಪರೀಕ್ಷೆಗೆ ಸಂಕೋಚಪಡಬೇಡಿ. ನಾಚಿಕೆಗೆ ವರ್ಷಗಟ್ಟಲೆ ಮುಂದೂಡಿ ಕೊನೆಗೆ ನನ್ನ ಮುಂದೆ ಅತ್ತ ಹೆಂಗಸರನ್ನು ಕಂಡಿದ್ದೇನೆ. ಕಬ್ಬಿಣಾಂಶ ನಿಜಕ್ಕೂ ಕುಸಿದಿದ್ದರೆ ಕ್ಯಾಮೆರಾ ಕೊಳವೆಯಿಂದ ಹೊಟ್ಟೆಯೊಳಗೆ ನೋಡುವ ಎಂಡೋಸ್ಕೋಪಿ, ದೊಡ್ಡಕರುಳಿನೊಳಗೆ ನೋಡುವ ಕೊಲೊನೋಸ್ಕೋಪಿ ಎರಡೂ ಆಗಬೇಕು.

ಕರುಳಿನ ಗೋಡೆಗೆ ವರ್ಷಗಳ ಕೊಳೆ ಅಂಟಿರುತ್ತದೆ ಎನ್ನುವುದು ಸುಳ್ಳು. ಅದರ ಒಳಪದರ ಕೆಲವೇ ದಿನಗಳಿಗೊಮ್ಮೆ ಉದುರಿ ಹೊಸದಾಗುತ್ತದೆ. ಅಮೆರಿಕದ ಕೊಲೊರಾಡೊದ ಒಂದು ಚಿಕಿತ್ಸಾಲಯದಲ್ಲಿ 1978ರಿಂದ 1980ರ ನಡುವೆ ಹೀಗೆ ಕರುಳು ತೊಳೆಸಿಕೊಂಡವರಲ್ಲಿ ಕನಿಷ್ಠ 36 ಮಂದಿಗೆ ಅಮೀಬಾ ಸೋಂಕು ತಗುಲಿತು. ಹತ್ತು ಜನರ ದೊಡ್ಡಕರುಳನ್ನು ಕತ್ತರಿಸಿ ತೆಗೆಯಬೇಕಾಯಿತು, ಅವರಲ್ಲಿ ಆರು ಮಂದಿ ಉಳಿಯಲಿಲ್ಲ.

ಹಾಗೆಂದು ನೀರು ಹಾಕುವ ಚಿಕಿತ್ಸೆಯನ್ನೇ ನಾನು ತಳ್ಳಿಹಾಕುವವಳಲ್ಲ. ಅಡಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಯುವಕನೊಬ್ಬ ನನ್ನ ಬಳಿ ಬರುತ್ತಾನೆ. ಮಲ ಬಂದದ್ದೇ ಅವನಿಗೆ ತಿಳಿಯುತ್ತಿರಲಿಲ್ಲ, ಮದುವೆಮನೆಗೂ ಹೋಗುತ್ತಿರಲಿಲ್ಲ. ನರ್ಸ್ ಕಲಿಸಿಕೊಟ್ಟ ಮೇಲೆ ಈಗ ದಿನ ಬಿಟ್ಟು ದಿನ, ತಿಂಡಿಯಾಗಿ ಅರ್ಧ ಗಂಟೆಗೆ ಕಮೋಡಿನ ಮೇಲೆ ಕುಳಿತು ಕೊಳವೆಯಿಂದ ಉಗುರುಬೆಚ್ಚಗಿನ ನೀರು ಹಾಕಿಕೊಳ್ಳುತ್ತಾನೆ. ಅಂಗಡಿ ತೆರೆದಿದ್ದಾನೆ. ನರ ಕೆಟ್ಟವರಿಗೆ, ಬೇರೆ ಮದ್ದೆಲ್ಲ ಸೋತವರಿಗೆ ಇದು ದೊಡ್ಡ ಆಸರೆ.

ನಿಮ್ಮ ಕಥೆ ಬೇರೆ. ಎನಿಮಾದಿಂದ ಕರುಳು ಖಾಲಿಯಾದರೆ ಮತ್ತೆ ತುಂಬಲು ಎರಡು ಮೂರು ದಿನ ಬೇಕು. ಮರುದಿನ ಆಗಲಿಲ್ಲವೆಂದು ಗಾಬರಿಯಾಗಿ ಮತ್ತೆ ಹಾಕಿಕೊಳ್ಳುತ್ತೀರಿ, ತಾನಾಗಿ ಆಗಲು ಕರುಳಿಗೆ ಅವಕಾಶವೇ ಸಿಗುವುದಿಲ್ಲ. ಬರೀ ನೀರು ದಿನವೂ ಒಳಸೇರಿದರೆ ರಕ್ತದ ಸೋಡಿಯಂ ಇಳಿಯಬಹುದು; ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗಂತೂ ಇದು ಅಪಾಯ.

ಕಬ್ಬಿಣ, ಕ್ಯಾಲ್ಸಿಯಂ ಎರಡೂ ಮಲ ಕಟ್ಟಿಸುತ್ತವೆ. ನೀವಾಗಿ ನಿಲ್ಲಿಸಬೇಡಿ, ಬದಲಿಸಲಾದೀತೇ ಎಂದು ವೈದ್ಯರನ್ನು ಕೇಳಿ. ಪರೀಕ್ಷೆಯಲ್ಲಿ ತೊಂದರೆ ಇಲ್ಲವೆಂದಾದರೆ ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಅವರೇ ಬರೆದುಕೊಡುತ್ತಾರೆ. ತಿಂಡಿಯಾದ ಮೇಲೆ ಪಾದದಡಿ ಒಂದು ಮಣೆ ಇಟ್ಟುಕೊಂಡು ಕಮೋಡಿನ ಮೇಲೆ ಹತ್ತು ನಿಮಿಷ ಕುಳಿತುಕೊಳ್ಳಿ, ತಿಣುಕಬೇಡಿ. ಮಲ ಮೆತ್ತಗಿದ್ದೂ ಹೊರಬರದಿದ್ದರೆ ಗುದದ್ವಾರದ ಸ್ನಾಯು ಸಡಿಲವಾಗುತ್ತಿಲ್ಲ ಎಂದು ಅನುಮಾನಿಸಬೇಕು. ಅದನ್ನು ಸಡಿಲಿಸಲು ಕಲಿಸುವ ಬಯೋಫೀಡ್‌ಬ್ಯಾಕ್ ಎಂಬ ತರಬೇತಿ ಇದೆ.

ವರದಿ ಕೈಸೇರಿದ ಮೇಲೆ ನನಗೆ ಮತ್ತೆ ಬರೆಯಿರಿ.