ಇದುನ್ ಹೆಸರು ಚೆನ್ನಾಗಿದೆ, ಧೈರ್ಯವಾಗಿ ಇಡಿ

ನಾರ್ವೆಯ ಓಸ್ಲೋದಲ್ಲಿ ಹುಟ್ಟಲಿರುವ ಮಗಳಿಗೆ 'ಇದುನ್' ಅಂತ ಇಟ್ಟರೆ ಹೇಗೆ, ಅದರ ಅರ್ಥವೇನು ಅಂತ ಕೇಳಿದ್ದೀರಿ. ನನಗಂತೂ ತುಂಬಾ ಇಷ್ಟವಾಯಿತು. 'ಮತ್ತೆ ಹರೆಯ ತರುವವಳು' ಅನ್ನೋದು ಸಾಮಾನ್ಯವಾಗಿ ಹೇಳುವ ಅರ್ಥ.

ಇದುನ್ ಅಂದರೆ ನಾರ್ಸ್ ಪುರಾಣದ, ಅಂದರೆ ಹಳೆಯ ಸ್ಕ್ಯಾಂಡಿನೇವಿಯಾದ ಪುರಾಣದ, ಒಬ್ಬ ದೇವತೆ. ಅಲ್ಲಿನ ದೇವತೆಗಳಿಗೆ ಮುಪ್ಪು ಬಾರದಂತೆ ಕಾಯುವ ಸೇಬುಗಳು ಇರೋದು ಇವಳ ಪೆಟ್ಟಿಗೆಯಲ್ಲಿ. ಗಂಡ ಬ್ರಾಗಿ, ಕಾವ್ಯದ ದೇವರು. 13ನೇ ಶತಮಾನದಲ್ಲಿ ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಬರೆದಿಟ್ಟ ಕಥೆ ಮಜವಾಗಿದೆ. 'ಕಾಡಲ್ಲಿ ಒಳ್ಳೆ ಸೇಬು ಕಂಡೆ, ನಿನ್ನವನ್ನೂ ತಾ, ಹೋಲಿಸಿ ನೋಡೋಣ' ಅಂತ ಕಿತಾಪತಿ ದೇವರು ಲೋಕಿ ಅವಳನ್ನು ಪುಸಲಾಯಿಸುತ್ತಾನೆ. ಹದ್ದಿನ ರೂಪದಲ್ಲಿ ಬಂದ ದೈತ್ಯ ತ್ಯಾಸಿ ಅವಳನ್ನು ಎತ್ತಿಕೊಂಡು ಹೋಗುತ್ತಾನೆ. ಸೇಬಿಲ್ಲದೆ ದೇವತೆಗಳ ತಲೆಯೆಲ್ಲ ನರೆಯುತ್ತದೆ! ಕೊಲ್ಲುತ್ತೇವೆ ಅಂತ ಹೆದರಿಸಿದ ಮೇಲೆ ಲೋಕಿಯೇ ಗಿಡುಗನಾಗಿ ಹೋಗಿ, ಅವಳನ್ನು ಗಟ್ಟಿ ಸಿಪ್ಪೆಯ ಒಂದು ಪುಟ್ಟ ಕಾಯಿ ಮಾಡಿ, ಉಗುರಲ್ಲಿ ಹಿಡಿದು ಹಾರಿ ಬರುತ್ತಾನೆ. ಬೆನ್ನಟ್ಟಿ ಬಂದ ಹದ್ದಿನ ರೆಕ್ಕೆಗೆ ದೇವತೆಗಳು ಹೊತ್ತಿಸಿದ ಬೆಂಕಿ ತಗಲುತ್ತದೆ. ಇಡೀ ದೇವಲೋಕದ ಹರೆಯ ಅಂಗೈಯಲ್ಲಿ ಹಿಡಿಯುವಷ್ಟು ಕಾಯೊಳಗೆ! ಹೆಸರಿನ ಸೊಗಸೆಲ್ಲ ನನಗೆ ಅಲ್ಲೇ ಕಾಣುತ್ತದೆ.

ನಾರ್ವೆಯಲ್ಲಿ ಮೊದಲ ಅಕ್ಷರ ಎಳೆದು 'ಈದುನ್' ಅನ್ನುತ್ತಾರೆ. ಊರಲ್ಲಿ ಅಜ್ಜಿಗೆ ಹೇಳಿದರೆ 'ಹಸು ಈದಿತು' ನೆನಪಾಗಿ ನಕ್ಕಾರು, ಅಷ್ಟೇ. ಮುದ್ದಿಗೆ 'ಇದು' ಅಂತ ಮಾತ್ರ ಮೊಟಕು ಮಾಡಬೇಡಿ. 'ಇದು ಎಲ್ಲಿ ಹೋಯ್ತು' ಅಂತ ಕೇಳಿದರೆ ಮನೆಯವರೆಲ್ಲ ರಿಮೋಟ್ ಹುಡುಕೋಕೆ ಶುರು ಮಾಡ್ತಾರೆ!